ಭೂಮಿಯ ತಟ್ಟೆಯಲ್ಲಿದ್ದ ಹೋಳಿಗೆ

ಗೋವಿಂದರಾಜನಗರ, ಬೆಂಗಳೂರು
೧೪-೫-೨೦೦೬

ತಂಗಿ ಕಸ್ತೂರೆವ್ವಗೆ ಅಣ್ಣನ ಆಶೀರ್ವಾದ. ಸಿಟ್ಟಾಗದೆ ಓದು.

ನಿನ್ನ ಮಗಳು ವಿಜಯಶ್ರೀಗೆ ನೋಡಿದ ವರನ ಮನೆಗೆ ನಿನ್ನೆ ಹೋಗಿದ್ದೆ. ಹುಡುಗ ಚನ್ನವೀರೇಶನ ಕೆಲಸ ಆಕಾಶದ ಕಪ್ಪು ಕುಳಿಯ ಚಿತ್ರ ತೆಗೆಯುವುದಂತೆ. ಬೆಳಕನ್ನೂ ನುಂಗುವ ಕುಳಿ. ಇಂಥವನಿಗೆ ಹುಡುಗಿ ಕೊಡಬಾರದೆಂದು, ಕೊಟ್ಟ ಹೋಳಿಗೆ ಮುಟ್ಟದೆ ಕೂತೆ.

"ಚಿತ್ರ ಎಲ್ಲೈತಿ, ತೋರ್ಸು" ಎಂದೆ.

"ಇನ್ನೂ ಯಾರೂ ತೆಗ್ದಿಲ್ಲ ಸಾರ್. ಒಂದು ರೇಡಿಯೋ ಡಿಶ್ ಭೂಮಿ ಮೇಲಿರತ್ತೆ, ಇನ್ನೊಂದನ್ನ ರಾಕೆಟ್‌ನಲ್ಲಿ ಮೇಲಕ್ಕೆ ಕಳಿಸ್ಬೇಕು. ಎರಡೂ ಎಷ್ಟು ದೂರ ಇದ್ರೆ ಅಷ್ಟು ಸಣ್ಣದೂ ಸ್ಪಷ್ಟವಾಗಿ ಕಾಣತ್ತೆ."

ತಿಳಿಯಲಿಲ್ಲ ಎಂದು ಗದರಿದೆ. ಅವನು ಹೋಳಿಗೆ ತಟ್ಟೆಯನ್ನು ನನ್ನ ಕೈಗಿಟ್ಟು, "ನೀವು ಭೂಮಿ ಸಾರ್, ಅಲ್ಲಾಡ್ಬೇಡಿ" ಎಂದು, ಖಾಲಿ ತಟ್ಟೆಯೊಂದನ್ನು ಹಿಡಿದು ರಸ್ತೆಯ ಕೊನೆಗೆ ಓಡಿದ. ಬಿಸಿಲಲ್ಲಿ ತಟ್ಟೆ ಎತ್ತಿ ನಿಂತ. ಬೀದಿಯವರೆಲ್ಲ ನೋಡಿದರೂ ನಾಚಲಿಲ್ಲ. ಅವನನ್ನೇ ನೋಡುತ್ತ ನಾನು ಹೋಳಿಗೆ ತಿಂದುಬಿಟ್ಟೆ.

ಅವನ ತಾಯಿ ಕಮಲಾಕ್ಷಮ್ಮ ಗಂಡನನ್ನು ಕೂಗಿದರು: "ಏನೂಂದ್ರೆ, ಬನ್ರೀ! ಹುಡ್ಗಿ ಕಡೆಯೋರು ಸಿಹಿ ತಿಂದ್ರು, ಒಪ್ಪಿದ್ರು!"

ಅಲ್ಲ ಎನ್ನಲು ಬಾಯಿ ತುಂಬ ಹೂರಣವಿತ್ತು.

ಸಕ್ಕರೆ ಕಾಯಿಲೆ ಏರಿ ತಲೆ ತಿರುಗುತ್ತಿದೆ, ಗುಳಿಗೆ ತಗೊಂಡಿದ್ದೇನೆ. ಹುಡುಗ ಇಲ್ಲದ್ದನ್ನು ಇದೆ ಎನ್ನಲಿಲ್ಲ, ಅದು ನನಗೆ ಹಿಡಿಸಿತು. ಕಾರ್ಡಿನಲ್ಲಿ ಜಾಗ ಮುಗಿಯಿತು. ವಿಜಯಶ್ರೀಯನ್ನು ಕೇಳು. ಅವಳು ಬೇಡ ಎಂದರೆ ನಾನೇ ಹೋಗಿ ಹೇಳುತ್ತೇನೆ. ಹೋಳಿಗೆ ತಿಂದವನು ನಾನು, ಅವಳಲ್ಲ.

ಅಣ್ಣ ಕರಿಬಸಪ್ಪ