ಮೂರನೆಯ ಅಪಘಾತದ ಹೆಸರು

ಸಿಂದಗಿ
ತಾ. ೨೧-೨-೧೯೭೬

ಮೋರಟಗಿ ಸಾಲೆಯಲ್ಲಿ ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕುಳಿತ ಗೆಳತಿ ದಾವಲಬಿಗೆ ಸಿದ್ದಲಿಂಗವ್ವನ ನೆನಹುಗಳು.

ಮೂರು ವರ್ಷ ಒಂದು ಕಾರ್ಡೂ ಹಾಕದವಳು ಈಗೇಕೆ ಬರೆದಳು ಎಂದು ನಿನಗೆ ಸಿಟ್ಟು ಬಂದೀತು. ಹರಿದು ಒಗೆಯಬೇಡ, ಕೊನೆತನಕ ಓದು. ಜೊತೆಗಿಟ್ಟಿರುವ, ಕಚೇರಿಯ ಸಿಕ್ಕಾ ಹೊಡೆದ ಕಾಗದವನ್ನಂತೂ ಜೋಪಾನ ಮಾಡು. ಅದು ನಿನ್ನ ಗಂಡ ಫಕೀರಸಾಬರಿಗೆ ಸೇರಿದ್ದು.

ಅವರು ನಮ್ಮ ಲಾರಿ ಬಿಟ್ಟು ಇಂಡಿ ಊರಿನ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದಾರೆಂದು ಕೇಳಿದ್ದೇನೆ. ಹನ್ನೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ ಅದು. 'ಬಿಟ್ಟು' ಎನ್ನುವುದೂ ಸರಿಯಲ್ಲ, ನಾವು ಬಿಡಿಸಿದೆವು. ಅಪಘಾತವಾದ ಮೇಲೆ ವಿಮೆ ಏಜೆಂಟ ಭೀಮಶ್ಯಾ ಬಂದು, "ಅಕ್ಕಾರ, ಆ ಡ್ರೈವರನ್ನ ತಗದ್ರ ವಿಮಾದ ರೊಕ್ಕ ಇಳೀತೈತ್ರಿ," ಎಂದ. ನಮ್ಮ ಯಜಮಾನರು ಬೇಡವೆಂದರು. ತೆಗೆಯೋಣ ಎಂದವಳು ನಾನು.

ಇಳಿಯಲಿಲ್ಲ, ವರ್ಷ ವರ್ಷ ಏರಿತು. ಈ ಜನವರಿಯಲ್ಲಿ ಬಂದ ನೋಟೀಸು ನೋಡಿ ಯಜಮಾನರು ಲಾರಿ ಮಾರಿಬಿಡೋಣ ಎಂದರು. ನಮ್ಮ ಲಾರಿಯ ಬಗ್ಗೆ ಏನು ಬರೆದುಕೊಂಡಿದ್ದಾರೋ ಒಮ್ಮೆ ನೋಡದೆ ಮಾರುವುದಿಲ್ಲ ಎಂದು ನಾನು ಬಿಜಾಪುರದ ಬಸ್ಸು ಹತ್ತಿದೆ.

ವಿಮಾ ಕಚೇರಿಯ ಸಾಹೇಬರು ತಲೆ ಎತ್ತದೆ, "ಯಜಮಾನರನ್ನ ಕಳಸ್ರಿ ಬಾಯಾರ," ಎಂದರು.

"ಲಾರಿ ನನ್ನ ಹೆಸರಿನ್ಯಾಗ ಐತ್ರಿ. ರೊಕ್ಕ ತುಂಬಾಕ ನಾ ಆಗತೇನಿ, ಬರದದ್ದು ನೋಡಾಕ ಆಗಂಗಿಲ್ಲೇನ್ರಿ?" ಎಂದೆ.

ಅಂದು ತೋರಿಸಲಿಲ್ಲ. ಮರುದಿನ ಮತ್ತೆ ಹೋಗಿ ಬಾಗಿಲಲ್ಲೇ ಕುಳಿತೆ. ಮಧ್ಯಾಹ್ನ ಅವರೇ ಕರೆದು ಫೈಲು ನನ್ನ ಮುಂದಿಟ್ಟರು. ನಮ್ಮ ಲಾರಿಯ ಮೇಲೆ ಮೂರು ಅಪಘಾತ ಬರೆದಿದ್ದರು, ಮೂರೂ ನಮ್ಮದೇ ತಪ್ಪೆಂದು.

ಮೊದಲನೆಯದು ಬಸವನ ಬಾಗೇವಾಡಿಯಲ್ಲಿ ಅಂಗಡಿಯ ಗೋಡೆ ಕೆಡವಿದ್ದು. ಆ ತಿಂಗಳೆಲ್ಲ ನಮ್ಮ ಲಾರಿ ಇಂಜಿನ್ ಬಿಚ್ಚಿಸಿಕೊಂಡು ಮುದ್ದೇಬಿಹಾಳದ ಮೇಸ್ತ್ರಿ ಸೋಮನಿಂಗನ ಗ್ಯಾರೇಜಿನಲ್ಲಿ ನಿಂತಿತ್ತು. ಗೋಡೆಗೆ ಗುದ್ದಿದ್ದು ೨೮೭೧ ನಂಬರಿನ ಲಾರಿ, ನಮ್ಮದು ೨೮೧೭. ಭೀಮಶ್ಯಾ ನಕಲು ಮಾಡುವಾಗ ಅಂಕಿ ತಿರುವಿ ಹಾಕಿದ್ದ. ಎರಡನೆಯದು ನಿಡಗುಂದಿಯಲ್ಲಿ. ರಸ್ತೆ ಬದಿ ನಿಂತಿದ್ದ ನಮ್ಮ ಲಾರಿಗೆ ಖಾಸಗಿ ಬಸ್ಸೊಂದು ಬಂದು ಬಡಿದಿತ್ತು. ನಿಂತ ಗಾಡಿಯೇ ತಪ್ಪು ಮಾಡಿತೆಂದು ಬರೆದಿದ್ದರು!

ನಾಲ್ಕು ವಾರ ನಾನು ಮನೆಯಲ್ಲಿ ಸರಿಯಾಗಿ ರೊಟ್ಟಿ ಬಡಿಯಲಿಲ್ಲ. ಮುದ್ದೇಬಿಹಾಳಕ್ಕೆ ಹೋಗಿ ಸೋಮನಿಂಗನ ಹಳೆಯ ಪಾವತಿ ಪುಸ್ತಕ ಹುಡುಕಿಸಿದೆ. ನಿಡಗುಂದಿಗೆ ಮೂರು ಸಲ ಅಲೆದು ಪಂಚನಾಮೆಯ ನಕಲು ತಂದೆ. ಎಲ್ಲವನ್ನೂ ಸಾಹೇಬರ ಮೇಜಿನ ಮೇಲೆ ಸುರಿದೆ. ಅವರು ಕೆಂಪು ಶಾಯಿಯಲ್ಲಿ ಎರಡನ್ನೂ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಆಮೇಲೆ ಕೇಳಿದರು: "ಮೂರನೇದು ಬರೋಬರಿ ಐತೇನ್ರಿ?"

ಮೂರನೆಯದು ನಿನಗೆ ಗೊತ್ತಿರುವುದೇ. ಮೂರು ವರ್ಷದ ಹಿಂದೆ, ದೇವರ ಹಿಪ್ಪರಗಿಯ ಹತ್ತಿರ. ರೈತ ಅಮಸಿದ್ದನ ಚಕ್ಕಡಿಗೆ ಲಾರಿ ಬಡಿದು ಒಂದು ಎತ್ತು ಸತ್ತಿತು, ಅಮಸಿದ್ದನ ಕಾಲು ಮುರಿಯಿತು. ಕಾಗದದಲ್ಲಿ ಹೀಗಿದೆ: ಚಾಲಕ ಫಕೀರಸಾಬ ನಿದ್ದೆಗೆ ಜಾರಿದ್ದರಿಂದ.

"ಹೌದ್ರಿ, ಬರೋಬರಿ ಐತ್ರಿ," ಎಂದೆ.

ದಾವಲಬಿ, ಅದು ಸುಳ್ಳು. ಅಂದು ಫಕೀರಸಾಬರು ಗಾಡಿ ಹೊಡೆಯುತ್ತಿರಲಿಲ್ಲ. ಅವರಿಗೆ ಜ್ವರ ಬಂದು ಮೈ ನಡುಗುತ್ತಿತ್ತು. ನಮ್ಮ ಯಜಮಾನರೇ ಅವರನ್ನು ಪಕ್ಕಕ್ಕೆ ಮಲಗಿಸಿ ಸ್ಟೇರಿಂಗ್ ಹಿಡಿದರು. ಇಳಿಹೊತ್ತಿನ ಬಿಸಿಲು ಎದುರಿನಿಂದ ಕಣ್ಣಿಗೆ ಹೊಡೆಯಿತು, ಚಕ್ಕಡಿ ಕಾಣಲಿಲ್ಲ. ಯಜಮಾನರ ಲೈಸೆನ್ಸಿನ ಅವಧಿ ಮುಗಿದಿತ್ತು. ನಿಜ ಬರೆಸಿದ್ದರೆ ವಿಮೆಯವರು ಹಣ ಕೊಡುತ್ತಿರಲಿಲ್ಲ, ಕೇಸು ಬೇರೆ. ಫಕೀರಸಾಬರು ತಾವಾಗಿಯೇ ಮುಂದೆ ಬಂದು ತಮ್ಮ ಹೆಸರು ಕೊಟ್ಟರು. ಕೋರ್ಟಿನಲ್ಲಿ ದಂಡವಾಯಿತು, ಲೈಸೆನ್ಸಿನ ಮೇಲೆ ಷರಾ ಬಿತ್ತು. ಆಮೇಲೆ ಯಾವ ಮಾಲಕನೂ ಅವರಿಗೆ ಗಾಡಿ ಕೊಡಲಿಲ್ಲ.

ವಿಮಾ ಕಚೇರಿಯಿಂದ ಅಂದು ತಿರುಗಿ ಬರುವಾಗ ಬಸ್ಸು ಹಿಪ್ಪರಗಿಯಲ್ಲಿ ನಿಂತಿತು. ಕಿಡಕಿಯಿಂದ ನೋಡಿದರೆ ಅಮಸಿದ್ದ ಸಂತೆಯಲ್ಲಿ ಉಳ್ಳಾಗಡ್ಡಿ ಚೀಲದ ಮುಂದೆ ಕುಳಿತಿದ್ದ, ಕೋಲು ಪಕ್ಕಕ್ಕಿಟ್ಟುಕೊಂಡು. ನನ್ನನ್ನು ಕಂಡು ಕೈ ಎತ್ತಿದ. ಎರಡು ಸುಳ್ಳು ಅಳಿಸಿ ಬಂದೆನೆಂದು ಹಿಗ್ಗುತ್ತಿದ್ದವಳಿಗೆ, ಮೂರನೆಯದನ್ನು ಇಂದು ನನ್ನ ಬಾಯಿಂದಲೇ ಮತ್ತೊಮ್ಮೆ ಬರೆಸಿ ಬಂದೆನಲ್ಲ ಎಂದು ಆಗ ಹೊಳೆಯಿತು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ.

"ಮುಗದ ಮಾತು ಯಾಕ ಕೆದರ್ತಿ?" ಎಂದರು.

"ನಮಗ ಮುಗದೈತಿ. ಇಂಡಿಯೊಳಗ ಚೀಲ ಹೊರಾಂವಗ ಮುಗದಿಲ್ಲ," ಎಂದೆ.

ಎರಡು ದಿನ ಅವರು ಲಾರಿಯಲ್ಲೇ ಮಲಗಿದರು. ನಾನೂ ಬಗ್ಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಹಾದ ಕಪ್ಪು ಕೆಳಗಿಟ್ಟು, "ಗಾಡಿ ಶ್ರೀಶೈಲಪ್ಪ ಹೊಡೀತಿದ್ದ ಅಂತ ಬರಿ. ಸಹಿ ಮಾಡ್ತೇನಿ," ಎಂದು ತಮ್ಮ ಹೆಸರು ತಾವೇ ಹೇಳಿದರು. ಆಗ ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಸೋಮವಾರ ಇಬ್ಬರೂ ಬಿಜಾಪುರಕ್ಕೆ ಹೋದೆವು. ಸಾಹೇಬರು ಓದಿ ಕನ್ನಡಕ ತೆಗೆದರು. "ಇದನ್ನ ತಗೊಂಡ್ರ ಕೊಟ್ಟ ಹಣ ವಾಪಸ್ ಕೇಳಬೇಕಾಗತೈತ್ರಿ. ಪೊಲೀಸರಿಗೂ ತಿಳಸಬೇಕಾಗತೈತಿ. ಬ್ಯಾಡ ಅಂದ್ರ ಈಗ ಹರದು ಒಗೀರಿ, ನಾ ನೋಡೇ ಇಲ್ಲ."

"ತಗೋರ್ರಿ," ಎಂದೆ. ಸಿಕ್ಕಾ ಹೊಡೆದರು.

ಹಣವನ್ನು ಕಂತಿನಲ್ಲಿ ತುಂಬಲು ಒಪ್ಪಿದ್ದಾರೆ. ಇಲ್ಲದ ಎರಡು ಅಪಘಾತ ಹೋದದ್ದರಿಂದ ವಿಮೆಯ ದರವೂ ಇಳಿದಿದೆ, ಲಾರಿ ಮಾರುವ ಮಾತಿಲ್ಲ. ಮೂರನೆಯದು ಲಾರಿಯ ಮೇಲೆ ಹಾಗೆಯೇ ಉಳಿಯುತ್ತದೆ, ಸರಿಯಾದ ಹೆಸರಿನಲ್ಲಿ. ಪೊಲೀಸರು ಯಜಮಾನರನ್ನು ಒಮ್ಮೆ ಕರೆಸಿದ್ದಾರೆ, ಮತ್ತೆ ಕರೆಸಬಹುದು. ಅದನ್ನು ನಾವು ನೋಡಿಕೊಳ್ಳುತ್ತೇವೆ.

ಜೊತೆಗಿರುವ ನಕಲನ್ನು ಫಕೀರಸಾಬರು ಲೈಸೆನ್ಸ್ ಕಚೇರಿಗೆ ಒಯ್ದು ಷರಾ ತೆಗೆಸಲು ಅರ್ಜಿ ಕೊಡಲಿ. ಕೋರ್ಟಿಗೆ ಹೋಗು ಎಂದರೆ ವಕೀಲರ ಖರ್ಚು ನಮ್ಮದು, ಸಾಕ್ಷಿಗೆ ನಾವಿಬ್ಬರೂ ಬರುತ್ತೇವೆ. ನಮ್ಮ ಲಾರಿಗೆ ಮತ್ತೆ ಬಂದರೆ ಯಜಮಾನರೇ ಕೀಲಿ ಕೈಗೆ ಕೊಡುತ್ತಾರೆ. ನಮ್ಮ ಹೊಸ್ತಿಲು ಬೇಡ ಎನಿಸಿದರೆ ಬೇರೆ ಯಾವ ಮಾಲಕನಿಗಾದರೂ ಈ ಕಾಗದ ತೋರಿಸಲಿ. ಅವರ ಇಷ್ಟ.

ನಿನ್ನಲ್ಲಿ ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲದ,
ಸಿದ್ದಲಿಂಗವ್ವ

ತಾ. ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಫಕೀರಸಾಬರು ತಾವಾಗಿ ಹೆಸರು ಕೊಡಲಿಲ್ಲ. ಅಂದು ಸರಕಾರಿ ದವಾಖಾನೆಯಲ್ಲಿ, ಪೊಲೀಸರು ಬರುವ ಮೊದಲು, ಜ್ವರದಲ್ಲಿ ಮಲಗಿದ್ದವರಿಗೆ ಕೈ ಮುಗಿದು ಕೇಳಿಕೊಂಡವಳು ನಾನು. "ಆಗಲ್ರಿ ಅಕ್ಕಾರ," ಎಂದರು. ಆಮೇಲೆ, "ದಾವಲಬಿಗಾದ್ರೂ ಖರೇ ಹೇಳ್ಲೇನ್ರಿ?" ಎಂದು ಕೇಳಿದರು. "ಆಕಿಗೂ ಬ್ಯಾಡ," ಎಂದೆ. ನಿದ್ದೆಗೇಡಿ, ಮನೆ ಹಾಳು ಮಾಡಿದೆ ಎಂದು ನೀನು ಮೂರು ವರ್ಷ ಬೈದದ್ದನ್ನೆಲ್ಲ ಅವರು ನನಗೆ ಕೊಟ್ಟ ಮಾತಿಗಾಗಿ ನುಂಗಿದ್ದಾರೆ. ಬುಧವಾರ ಮೊದಲ ಬಸ್ಸಿಗೆ ಇಂಡಿಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ಕುಳಿತಿರುತ್ತೇನೆ.