ಕಪ್ಪು ವೈರು

೧೨-೨-೧೯೭೯, ಸೋಮವಾರ

ಬೆಳಿಗ್ಗೆ ಶಿರಾ ಅಂಗಡೀಲಿ ಒಂದು ಪಂಪ್‌ಸೆಟ್ ಮೋಟರ್ ವೈಂಡಿಂಗ್. ಮಧ್ಯಾಹ್ನ ಬಾಗಿಲು ಹಾಕಿ ಹಟ್ಟಿಗೆ ಬಂದೆ. ಅಂಜನಪ್ಪಣ್ಣನ ವಿಮಾನ ಶೆಡ್ಡಲ್ಲಿ ಹಂಗೇ ಇದೆ. ವರ್ಷಗಟ್ಟಲೆ ಕೂತು ಕಟ್ಟಿದ್ದು — ಮರ, ಬಟ್ಟೆ, ಬೆಂಗಳೂರಿಂದ ತಂದ ಹಳೇ ಇಂಜಿನ್. ವೈರಿಂಗ್ ಪೂರಾ ನನ್ನದು.

ದೀಪಾವಳಿ ಆದಮೇಲೆ ಒಂದು ದಿನ ಅಣ್ಣ, ಇಂಜಿನ್ನಿಗೆ ಎಣ್ಣೆ ಹತ್ತಲಿ ಅಂತ ಸ್ವಿಚ್ ಆಫ್ ಇಟ್ಟು ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದ. ಇಂಜಿನ್ ಹೊತ್ತಿಕೊಂಡಿತು. ಪ್ರೊಪೆಲ್ಲರ್ ತಲೆಗೆ ಹೊಡೆಯಿತು. ಅಲ್ಲೇ ಹೋದ. ಅವತ್ತಿಂದ ನನಗೆ ನಿದ್ದೆ ಇಲ್ಲ.

ಹಟ್ಟಿಯ ಹಿರಿಯ ದೊಡ್ಡರಂಗಯ್ಯ ಮತ್ತೆ ಬಂದ. "ಆಫ್ ಮಾಡಿದ್ದು ತಾನೇ ತಿರುಗ್ತು ಅಂದ್ರೆ ಅದ್ರಲ್ಲಿ ದೆವ್ವ ಸೇರ್ಕಂಡೈತೆ ಕಣ್ಲಾ. ಪೂಜಾರಿ ಕರ್ಸಿ ಸುಟ್ಟಾಕಾನ."

ದೆವ್ವ ಅಂತೆ. ತಲೆ ಕೆಟ್ಟ ಮುದುಕ. ಕರೆಂಟಿಗೆ ಕಾರಣ ಇರುತ್ತೆ, ದೆವ್ವ ಇರಲ್ಲ ಅಂದೆ. ಶಿವರಾತ್ರಿವರೆಗೆ ಬುಡಿ ಅಂತ ಕೇಳಿಕೊಂಡೆ. ನನ್ನ ಕೈಕೆಲಸವೇ ಅಣ್ಣನ್ನ ಕೊಂದಿತಾ? ಅಷ್ಟು ಗೊತ್ತಾಗಬೇಕು.

೧೩, ಮಂಗಳವಾರ

ನೋಡಬೇಕಾದ್ದು ಕಪ್ಪು ವೈರ್ ಒಂದೇ. ಸ್ವಿಚ್ಚಿಂದ ಹೊರಟು ಸೀಟ್ ಕೆಳಗೆ ಹಾದು ಇಂಜಿನ್ನಿನ ಮ್ಯಾಗ್ನೆಟೋಗೆ — ಕಿಡಿ ಹುಟ್ಟೋದು ಅಲ್ಲೇ. ಅಣ್ಣ ಮೊದಲ ದಿನ ಹೇಳಿದ್ದು ಇನ್ನೂ ಕಿವೀಲಿದೆ: "ಲೇ ಯತ್ತ, ಇದು ನಿನ್ ಪಂಪ್‌ಸೆಟ್ ಅಲ್ಲ. ಇದ್ರಲ್ಲಿ ವೈರೇ ಕಿಡಿ ತಡೆಯೋದು. ವೈರ್ ಕಿತ್ರೆ ಸ್ವಿಚ್ ಆಫ್ ಇದ್ರೂ ಇಂಜಿನ್ ಬದುಕಿರ್ತದೆ."

ವೈರಿನುದ್ದಕ್ಕೂ ನಾಲ್ಕು ಬೆರಳಿಗೊಂದು ದಾರದ ಗಂಟು. ಕುರಿಮರಿ ಕಟ್ಟೋ ಗಂಟು, ಅಣ್ಣನೇ ಹಾಕಿದ್ದು. ಬಿಚ್ಚೋಕೆ ಮನಸ್ಸು ಬರಲ್ಲ. ಹಲಗೆ ಮೇಲೆ ಅವನ ಪೆನ್ಸಿಲ್ ಬರಹ — ಇಲ್ಲಿ ಉಜ್ಜುತ್ತೆ, ರಬ್ಬರ್ ಹಾಕು. ಹಾಕಿದ್ದೆ ಕಣಣ್ಣ. ಬೆನ್ನ ಹಿಂದೆ ಅಣ್ಣ ಸೇದ್ತಿದ್ದ ಬೀಡಿ ವಾಸನೆ ಬಂತು. ತಿರುಗಿ ನೋಡಲಿಲ್ಲ.

ಎರಡು ತುದಿಯ ಬೆಸುಗೆಯೂ ಗಟ್ಟಿ. ಆದರೂ ಮೀಟರ್ ಮುಳ್ಳು ಏಳಲ್ಲ. ನಡುವೆ ಎಲ್ಲೋ ಕಿತ್ತಿದೆ.

ಹೊನ್ನತ್ತಿಗೆ ಮುದ್ದೆ ತಂದಳು. ಅಣ್ಣ ಹೋದಮೇಲೆ ಶೆಡ್ಡಿನೊಳಗೆ ಕಾಲಿಡಲ್ಲ. ಹೊರಗೇ ಸಂಚಿ ಬಿಚ್ಚಿ ಅಡಿಕೆ ಕತ್ತರಿಸುತ್ತಾ ಕೂತಳು. "ಬುಡು ಯತ್ತಪ್ಪ, ಅದ್ನ ಕೆದಕ್‌ಬ್ಯಾಡ."

೧೭, ಶನಿವಾರ

ಬರೆಯೋಕೆ ಆಗಿರಲಿಲ್ಲ.

ಬುಧವಾರವೇ ಸಿಕ್ಕಿತ್ತು, ಸೀಟ್ ಕೆಳಗೆ. ಸವೆದದ್ದಲ್ಲ. ಕತ್ತರಿಸಿದ್ದು. ತಾಮ್ರ ಜಜ್ಜಿ ಚಪ್ಪಟೆಯಾಗಿದೆ — ನಮ್ಮ ಕಟಿಂಗ್ ಪ್ಲೇಯರ್ ಹಂಗೆ ಕತ್ತರಿಸಲ್ಲ. ಅಡಕತ್ತರಿ. ವೈರಿನ ಮೇಲೆ ಒಣಗಿದ ಸುಣ್ಣ, ಬೆರಳಚ್ಚಿನಷ್ಟು. ಪಂಚೆ ತುದಿಯಿಂದ ಒರೆಸಿಬಿಟ್ಟೆ...

ನನ್ನ ಕೈ ತಪ್ಪಲ್ಲ ಅಂತ ಸಮಾಧಾನ ಆಗಬೇಕಿತ್ತು.

೧೮, ಭಾನುವಾರ

ನಾನು ಕೇಳಲಿಲ್ಲ. ಅತ್ತಿಗೆಯೇ ಹೇಳಿದಳು.

"ಕೆರೆ ಅಂಗಳದಾಗೆ ಹಾರಿಸ್ತೀನಿ ಅಂತ ಕುಂತಿದ್ರು ನಿಮ್ಮಣ್ಣ. ಕಾಲು ಹಿಡ್ಕಂಡೆ, ಕೇಳ್ನಿಲ್ಲ. ಅವತ್ತು ಹೊತ್ತಾರೆ ಹೋಗಿ ಒಂದು ವೈರ್ ಕತ್ತರಿಸ್‌ಬುಟ್ಟೆ. ಬಾವಿ ಮೋಟ್ರು ವೈರ್ ಕಿತ್ರೆ ನಿಲ್ತದಲ್ಲ, ಇದೂ ನಿಲ್ತದೆ ಅನ್ಕಂಡೆ. ಕತ್ತರಿಸಿದ್ರೂ ಓಡ್ತಲ್ಲಪ್ಪ. ಹೆಂಗೆ ಓಡ್ತು? ನೀನು ಕರೆಂಟಿನೋನು, ನೀನೇ ಹೇಳು."

ಅವಳ ಕಣ್ಣು ನನ್ನ ಬಾಯಿ ಮೇಲೇ. ವೈರೇ ಕಿಡಿ ತಡೆಯೋದು — ಅಣ್ಣನ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

"ದೆವ್ವ ಕಣತ್ಗೆ," ಅಂದೆ. "ದೊಡ್ಡರಂಗಯ್ಯ ಹೇಳಿದ್ದೇ ದಿಟ."

ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕಣ್ಣೊರೆಸಿಕೊಂಡು, "ಅಂಗಾದ್ರೆ ನನ್ ಕೈಲಾದ್ದು ನಾನು ಮಾಡಿದ್ನಲ್ಲಪ್ಪ," ಅಂದಳು. ಹೂಂ ಅಂದೆ.

ದೊಡ್ಡರಂಗಯ್ಯನ ಮನೆಗೆ ನಾನೇ ಹೋಗಿ ಪೂಜಾರಿ ಕರೆಸಿ ಅಂದೆ. ಮುದುಕ ಮೀಸೆ ತಿರುವಿದ. ತಿರುವಲಿ.

೧೯, ಸೋಮವಾರ, ಬೆಳಿಗ್ಗೆ

ಸಂಜೆ ಸುಡ್ತಾರೆ. ಅಷ್ಟರಲ್ಲಿ ಕತ್ತರಿಸಿದ್ದು ಯಾರ ಕಣ್ಣಿಗೂ ಬೀಳದಿರಲಿ ಅಂತ ಕಪ್ಪು ವೈರ್ ಕೂಡಿಸಿ ಬೆಸುಗೆ ಹಾಕಿದೆ. ಅಣ್ಣನ ಗಂಟೇ ಹಾಕಿದೆ. ಮೀಟರ್ ಮುಳ್ಳು ಎದ್ದಿತು. ಸ್ವಿಚ್ ಆಫ್. ಇನ್ನು ಕಿಡಿ ಹುಟ್ಟೋ ಮಾತೇ ಇಲ್ಲ. ವೈರಿಂಗ್ ಮಾಡಿದವನು ನಾನು, ನನಗೆ ಗೊತ್ತು.

ಹೊರಗೆ ತಳ್ಳಬೇಕು. ಪ್ರೊಪೆಲ್ಲರ್ ಬಾಗಿಲಿಗೆ ಅಡ್ಡ ನಿಂತಿದೆ. ಕೈಯಲ್ಲಿ ಸ್ವಲ್ಪ ತಿರುಗಿಸಿದರೆ ಆಯಿತು. ಎರಡು ಸಲ ಹತ್ತಿರ ಹೋಗಿ ವಾಪಸ್ ಬಂದೆ. ಬಂದು ಇಲ್ಲಿ ಬರೀತಾ ಕೂತಿದ್ದೀನಿ. ಬೀಡಿ ವಾಸನೆ. ಅತ್ತಿಗೆ ಹೊರಗಿಂದ ಹೇಳ್ತಾನೇ ಇದ್ದಾಳೆ — "ಮುಟ್‌ಬ್ಯಾಡ ಯತ್ತಪ್ಪ, ಅದ್ರೊಳಗೆ ಐತೆ."

ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ — ಐತೆ ಅಂತ ಅವಳಿಗೆ ಹೇಳಿದವನೇ ನಾನು.