ನಾನು ಕ್ಯಾನನ್ ಬಿಟ್ಟದ್ದು

ಮಾರ್ಚ್ ೧೪, ಶುಕ್ರವಾರ
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ನಿಧಾನಪ್ಪನಿಗೆ,

ಈ ಹೆಸರಿನಿಂದ ಕರೆಯುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಶುರುಮಾಡಲಿ ಎಂದು ಯೋಚಿಸುತ್ತಾ ಮೂರು ಹಾಳೆ ಹರಿದು ಹಾಕಿದೆ. ‘ಮಾನ್ಯರೇ’ ಎಂದು ಬರೆದರೆ ರಜೆ ಚೀಟಿಯಂತೆ ಕಾಣುತ್ತದೆ. ಫೋನಿನಲ್ಲಿ ಬರೆದು ಕಳಿಸೋಣವೆಂದರೆ ನೀನು ಎರಡನೇ ಸಾಲಿಗೇ ಫೋನು ಮಗುಚಿಡುವವನು. ಕಾಗದವಾದರೆ ಕೊನೆಯವರೆಗೂ ಓದುತ್ತೀಯ. ಹಾಲಿನ ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನೂ ಬಿಡದೆ ಓದುವ ಮನುಷ್ಯ ನೀನು. ವಿಳಾಸ ಕೊಟ್ಟವರು ನಿನ್ನ ಅಕ್ಕ. ಅವರ ಮೇಲೆ ರೇಗಬೇಡ, ನಾನೇ ಗಂಟುಬಿದ್ದು ಇಸಿದುಕೊಂಡೆ.

ಎರಡು ತಿಂಗಳ ಹಿಂದೆ ಪತ್ರಿಕೋದ್ಯಮ ಕಾಲೇಜಿನವರು ಒಂದು ತರಗತಿ ತೆಗೆದುಕೊಳ್ಳಲು ಕರೆದಿದ್ದರು. ಆರು ವರ್ಷಗಳಾದರೂ ನಾನು ಹೋದಲ್ಲೆಲ್ಲ ಪ್ರಶಸ್ತಿ ಬಂದ ಆ ಸುರಂಗದ ಚಿತ್ರವೇ ನನಗಿಂತ ಮುಂಚೆ ಹೋಗಿ ಕೂತಿರುತ್ತದೆ. ಅಲ್ಲಿಯೂ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ನನ್ನ ಮಾತು ಮುಗಿದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಅಂಗಡೀಲಿ ಅಷ್ಟೊಂದು ಕಂಪನಿ ಕ್ಯಾಮೆರಾ ಇರುತ್ತೆ. ನ್ಯೂಸ್‌ನೋರ ಕೈಯಲ್ಲಿ ಮಾತ್ರ ಯಾವಾಗ್ಲೂ ಅದೇ ಎರಡು ಮೂರು ಹೆಸರು. ಬೇರೇದ್ರಲ್ಲಿ ಫೋಟೋ ಚೆನ್ನಾಗಿ ಬರಲ್ವಾ?” ಎಂದು ಕೇಳಿದಳು.

ಬರುತ್ತೆ, ಎಲ್ಲದರಲ್ಲೂ ಚೆನ್ನಾಗೇ ಬರುತ್ತೆ ಎಂದೆ. ಆದರೆ ನಮ್ಮ ಕೆಲಸದಲ್ಲಿ ಕ್ಯಾಮೆರಾ ಮಳೆಯಲ್ಲಿ ನೆನೆಯುತ್ತೆ, ಧೂಳು ಕುಡಿಯುತ್ತೆ, ಪಕ್ಕದವರ ಮೊಣಕೈ ತಿನ್ನುತ್ತೆ, ಆದರೂ ಮಾರನೇ ದಿನ ಎದ್ದು ಕೆಲಸಕ್ಕೆ ಬರಬೇಕು. ಆಫೀಸಿನ ಬೀರುವಿನಲ್ಲಿ ಇಪ್ಪತ್ತು ವರ್ಷದಿಂದ ಸೇರಿದ ಲೆನ್ಸುಗಳೆಲ್ಲ ಒಂದೇ ಕಂಪನಿಯವು; ಒಂದು ಕಂಪನಿಯ ಲೆನ್ಸು ಇನ್ನೊಂದರ ಬಾಯಿಗೆ ಕೂರುವುದಿಲ್ಲ. ದೊಡ್ಡ ಪಂದ್ಯಗಳಲ್ಲಿ ಈ ಕಂಪನಿಯವರೇ ಮೇಜು ಹಾಕಿಕೊಂಡು ಕೂತಿರುತ್ತಾರೆ. ನಿಮ್ಮದು ಕೆಟ್ಟರೆ ಸಂಜೆವರೆಗೆ ಇನ್ನೊಂದು ಕೊಟ್ಟು ಕಳಿಸುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ಬೆರಳು. ಯಾವ ಗುಂಡಿ ಎಲ್ಲಿದೆ ಎಂದು ಬೆರಳಿಗೆ ಗೊತ್ತಿರಬೇಕು, ತಲೆಗೆ ಗೊತ್ತಿದ್ದರೆ ಸಾಲದು. ತಲೆ ಯೋಚಿಸಿ ಮುಗಿಸುವಷ್ಟರಲ್ಲಿ ಸುದ್ದಿ ಮನೆಗೆ ಹೋಗಿರುತ್ತೆ ಎಂದೆ. ಎಲ್ಲರೂ ನಕ್ಕರು.

ಆ ಹುಡುಗಿ ನಗಲಿಲ್ಲ. “ಹಾಗಾದ್ರೆ ಮಧ್ಯದಲ್ಲಿ ಕಂಪನಿ ಬದಲಾಯಿಸಿದವ್ರು ಏನು ಮಾಡ್ತಾರೆ?” ಎಂದಳು.

“ಸ್ವಲ್ಪ ದಿನ ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ” ಎಂದುಬಿಟ್ಟೆ. ಅಂದ ಮೇಲೆ ಅವಳ ಮುಖ ನೋಡಲಾಗಲಿಲ್ಲ. ಅಕ್ಷರ ಬಿಡದೆ ಇದೇ ಮಾತನ್ನು ನಿನಗೆ ಹೇಳಿದ್ದೆನಲ್ಲ.

ನಿನಗೆ ಕ್ರೀಡಾಂಗಣದ ಆ ದಿನ ನೆನಪಿದೆಯೇ? ಕೇಳುವುದೇ ದಡ್ಡತನ, ನಮ್ಮ ಮದುವೆಗೆ ಬಂದ ಪ್ರತಿಯೊಬ್ಬರಿಗೂ ಕೊರೆದಿದ್ದೀಯ. ನನಗೆ ಇಪ್ಪತ್ತನಾಲ್ಕು. ಗಂಡಸರ ಬೆನ್ನುಗಳ ಮೇಲಿಂದ ನೋಡಲು ಮಡಿಸುವ ಏಣಿಯೊಂದನ್ನು ಹೊತ್ತು ತಿರುಗುತ್ತಿದ್ದೆ. ಕೊನೆಯ ಓಟಕ್ಕೆ ಹತ್ತು ನಿಮಿಷವಿರುವಾಗ ಯಾರೋ ಎಡವಿ ಏಣಿ ಉರುಳಿತು, ನನ್ನ ಬಿಳಿ ಲೆನ್ಸು ಬಾಯಿ ಸೊಟ್ಟಮಾಡಿಕೊಂಡಿತು. ಕಂಪನಿಯವರ ಮೇಜು ಮೈದಾನದ ಆಚೆ ತುದಿಯಲ್ಲಿ. ಪರಿಚಯವೇ ಇಲ್ಲದ ನೀನು ತಲೆಯೆತ್ತಿ ಕೂಡ ನೋಡದೆ ಚೀಲಕ್ಕೆ ಕೈಹಾಕಿ, “ಕ್ಯಾನನ್ ತಾನೇ? ತಗೊಳ್ಳಿ, ಕೂರುತ್ತೆ” ಎಂದೆ. ಟಕ್ ಎಂದು ಕೂತಿತು. “ನನ್ನ ಹತ್ರ ಅವತ್ತು ನಿಕಾನ್ ಇದ್ದಿದ್ರೆ ಇವಳಿಗೆ ಬೇರೆ ಗಂಡ ಹುಡುಕಬೇಕಿತ್ತು” ಎಂದು ನೀನು ಹೇಳುವಾಗ ಪ್ರತಿ ಸಲವೂ ಹೊಸದಾಗಿ ಕೇಳುವವಳಂತೆ ನಗುತ್ತಿದ್ದೆ. ಈಗ ಯಾರೂ ಹೇಳುವುದಿಲ್ಲ.

ಆ ಮನೆಯಲ್ಲಿ ನಮಗೆ ಒಂದೇ ಬೀರು. ನಿನ್ನವು ನನ್ನವು ಎಲ್ಲ ಲೆನ್ಸೂ ಒಟ್ಟಿಗೆ. ನಿನ್ನದು ಸುದ್ದಿಸಂಸ್ಥೆ, ನನ್ನದು ಪತ್ರಿಕೆ. ಹೊರಗೆ ಎದುರಾಳಿಗಳು, ಒಳಗೆ ಒಂದೇ ಚೀಲ. ಬೆಳಿಗ್ಗೆ ಮೊದಲು ಎದ್ದವರಿಗೆ ಒಳ್ಳೆಯ ಲೆನ್ಸು. ನೀನು ಒಯ್ದ ಜಾಗದಲ್ಲಿ ಚೀಟಿ ಇಟ್ಟು ಹೋಗುತ್ತಿದ್ದೆ: ‘ಎಪ್ಪತ್ತು–ಇನ್ನೂರು ಲೆನ್ಸು ನನ್ನ ಹತ್ರ. ಟೀ ಫ್ಲಾಸ್ಕಲ್ಲಿದೆ. ಹೊರಗೆ ಚಳಿ, ಕಿವಿ ಮುಚ್ಕೊ.’ ಎಂಟು ವರ್ಷ ಆ ಚೀಟಿಗಳೇ ನಮ್ಮ ಪ್ರೇಮಪತ್ರ. ಒಂದನ್ನೂ ಎತ್ತಿಟ್ಟುಕೊಳ್ಳಲಿಲ್ಲ ನಾನು. ನಾಳೆಯೂ ಇರುತ್ತದಲ್ಲ ಎಂದುಕೊಂಡಿದ್ದೆ.

ಆಮೇಲೆ ನಿಮ್ಮ ಸಂಸ್ಥೆ ಎಲ್ಲರಿಗೂ ನಿಕಾನ್ ಕೊಡುವುದೆಂದು ತೀರ್ಮಾನಿಸಿತು. ಹಳೆಯದನ್ನು ಒಪ್ಪಿಸುವ ಹಿಂದಿನ ಸಂಜೆ ನೀನು ನೆಲದ ಮೇಲೆ ಬಟ್ಟೆ ಹಾಸಿ ಒಂದೊಂದೇ ಲೆನ್ಸನ್ನು ಒರೆಸಿದ ರೀತಿ, ಮಕ್ಕಳನ್ನು ಮೊದಲ ದಿನ ಶಾಲೆಗೆ ಕಳಿಸುವವರ ಹಾಗಿತ್ತು. ಹೊಸ ಚೀಲ ಬಂತು. ಬೀರುವಿನಲ್ಲಿ ನಿನ್ನ ಅರೆ ಬೇರೆ, ನನ್ನ ಅರೆ ಬೇರೆಯಾಯಿತು. ನಿನ್ನದು ನನಗೆ ಕೂರುವುದಿಲ್ಲ, ನನ್ನದು ನಿನಗೆ ಕೂರುವುದಿಲ್ಲ. ಚೀಟಿ ಬರೆಯಲು ಕಾರಣವೇ ಉಳಿಯಲಿಲ್ಲ. ನೀನು ಊಟದ ಮೇಜಿನ ಮುಂದೆ ಕಣ್ಣುಮುಚ್ಚಿ ಕೂತು ಜೂಮ್ ತಿರುಗಿಸುತ್ತಿದ್ದೆ, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. “ಕ್ಯಾನನ್ನಿಗೆ ಎಲ್ಲಾ ಉಲ್ಟಾ ಕಣೇ. ದೂರ ತಳ್ಳೋಕೆ ಹೋದ್ರೆ ಹತ್ತಿರ ಬರುತ್ತೆ” ಎಂದೆ. ನಾನು ಪತ್ರಿಕೆಯಿಂದ ಕಣ್ಣು ಕೀಳದೆ ಆ ಮಾತು ಹೇಳಿದೆ. ಸ್ವಲ್ಪ ದಿನ ಕಷ್ಟ.

ಹೊಸ ಚೀಲ ಬಂದ ಹತ್ತೊಂಬತ್ತನೇ ದಿನಕ್ಕೆ ಸುರಂಗ ಕುಸಿಯಿತು.

ಇನ್ನು ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ. ಇದನ್ನು ನಾನು ಯಾರೆದುರೂ ಸರಿಯಾಗಿ ಹೇಳಿಲ್ಲ.

ಕುಸಿದ ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾವು ನಲವತ್ತು ಮಂದಿ ಸುರಂಗದ ದೊಡ್ಡ ಬಾಯಿಯ ಮುಂದೆ ಹಗ್ಗದ ಆಚೆ ನಿಂತಿದ್ದೆವು. ಸಿಕ್ಕಿಹಾಕಿಕೊಂಡ ಕೆಲಸಗಾರರನ್ನು ಅಲ್ಲಿಂದಲೇ ತರುತ್ತಾರೆ ಎಂದಿದ್ದರು ಅಧಿಕಾರಿಗಳು. ಒಬ್ಬ ನರ್ಸು ಮಡಿಸಿದ ಕಂಬಳಿ ಹಿಡಿದು ನೀರು ಪಂಪಿನ ಸಣ್ಣ ಬಾಗಿಲ ಕಡೆ ಹೋದದ್ದನ್ನು ಕಂಡವನು ನೀನೊಬ್ಬನೇ. ನೀನು ಸುಮ್ಮನೆ ಒಬ್ಬನೇ ಜಾರಿಕೊಳ್ಳಬಹುದಿತ್ತು. ಆ ಗುಂಪನ್ನೆಲ್ಲ ದಾಟಿ ನನ್ನ ಹತ್ತಿರ ಬಂದೆ. “ಏಣೀ, ಇಲ್ಲಲ್ಲ. ಆ ಸಣ್ಣ ಬಾಗಿಲು. ಬಾ” ಎಂದು ಕಿವಿಯಲ್ಲಿ ಉಸುರಿದೆ.

ಬಾಗಿಲು ತೆರೆಯಿತು. ಮೊದಲ ಕೆಲಸಗಾರ ಹೊರಗೆ ಬಂದ. ನಾಲ್ಕು ದಿನ ಕತ್ತಲಲ್ಲಿದ್ದ ಕಣ್ಣಿಗೆ ಬೆಳಕು ತಾಗದಂತೆ ಪಟ್ಟಿ ಕಟ್ಟಿದ್ದರು. ಎಲ್ಲಿಂದಲೋ ಅವನ ಅಕ್ಕ ಓಡಿಬಂದಳು. ಅವನು ಕೈ ಚಾಚಿ ಅವಳ ತಲೆ ಸವರಿ, ಕಿವಿ ಮುಟ್ಟಿ, ಇವಳು ಅವಳೇ ಎಂದು ಗೊತ್ತಾಗಿ ನಕ್ಕ. ಅಷ್ಟೇ, ಒಂದು ಸೆಕೆಂಡು. ಆಮೇಲೆ ಪೊಲೀಸರು ಅಡ್ಡ ಬಂದರು. ಇಬ್ಬರನ್ನೂ ಚೌಕಟ್ಟಿನೊಳಗೆ ತರಲು ನಾವಿಬ್ಬರೂ ಒಂದೇ ಗಳಿಗೆಯಲ್ಲಿ ಒಂದೇ ಕಡೆಗೆ ಜೂಮ್ ತಿರುಗಿಸಿದೆವು. ನನ್ನದರಲ್ಲಿ ಅಕ್ಕ ತಮ್ಮ ಇಬ್ಬರೂ ಬಂದರು. ನಿನ್ನದರಲ್ಲಿ ಪೊಲೀಸನ ಭುಜ ಬಂತು, ಅಂಗಿಯ ನೂಲು ಕಾಣುವಷ್ಟು ಸ್ಪಷ್ಟವಾಗಿ.

ವಾಪಸು ಬರುವಾಗ ಜೀಪಿನಲ್ಲಿ ಬೇರೆ ಪತ್ರಿಕೆಯ ಮೂವರಿದ್ದರು. “ಕೈ ಉಲ್ಟಾ ತಿರುಗಿಬಿಡ್ತು ಕಣೇ” ಎಂದು ನೀನು ನನಗೊಬ್ಬಳಿಗೇ ಕೇಳುವಂತೆ ಹೇಳಿದೆ. ನಾನು ಎಲ್ಲರಿಗೂ ಕೇಳುವಂತೆ ಉತ್ತರಿಸಿದೆ: “ಪಾಪ, ಕ್ಯಾಮೆರಾ ಏನು ಮಾಡ್ತು? ಕೈ ಹೋಗಿದೆ ಅಂತ ಒಪ್ಕೊಂಡ್ಬಿಡು.” ಅವರು ನಕ್ಕರು. ನಾನೂ ನಕ್ಕೆ. ನೀನು ಚೀಲದ ಜಿಪ್ಪನ್ನು ಕೊನೆಯವರೆಗೂ ಎಳೆದು ಕಿಟಕಿಯ ಕಡೆ ತಿರುಗಿದೆ.

ಅಲ್ಲಿಗಾದರೂ ನಿಂತಿದ್ದರೆ. ಪ್ರಶಸ್ತಿ ಸಮಾರಂಭದಲ್ಲಿ, ನಲವತ್ತು ಜನ ದೊಡ್ಡ ಬಾಯಿಯ ಮುಂದಿದ್ದಾಗ ನಿಮಗೆ ಆ ಬಾಗಿಲು ಹೊಳೆದದ್ದು ಹೇಗೆ ಎಂದು ಕೇಳಿದರು. “ಅದೊಂಥರಾ ವಾಸನೆ ಬರುತ್ತೆ, ಇಷ್ಟು ವರ್ಷದ ಅನುಭವ” ಎಂದೆ. ಮೂರನೇ ಸಾಲಿನಲ್ಲಿ ಕೂತು ನೀನು ಚಪ್ಪಾಳೆ ತಟ್ಟಿದೆ. ನನ್ನನ್ನು ಚುಚ್ಚಲೆಂದು ತಟ್ಟಿದ್ದಲ್ಲ, ಮನಸ್ಸಿಟ್ಟು ತಟ್ಟಿದೆ. ಎರಡು ತಿಂಗಳಲ್ಲಿ ನೀನು ಬೇರೆ ಊರಿನ ಆಫೀಸಿಗೆ, ಕುರ್ಚಿಯ ಕೆಲಸಕ್ಕೆ ಕೇಳಿಕೊಂಡು ಹೊರಟೆ. ನಾವು ಜಗಳವನ್ನೂ ಆಡಲಿಲ್ಲ. ಆಡಿದ್ದರೆ ಎಷ್ಟು ಚೆನ್ನಾಗಿತ್ತು! ರಾಜಿಯಾಗಲು ಏನಾದರೂ ಇರುತ್ತಿತ್ತು.

ನೀನು ಈಗ ಕ್ಯಾಮೆರಾ ಮುಟ್ಟುವುದೇ ಇಲ್ಲವೆಂದು ನಿನ್ನ ಅಕ್ಕ ಹೇಳಿದರು. ಬೇರೆಯವರು ತೆಗೆದ ಚಿತ್ರಗಳನ್ನು ಆರಿಸುತ್ತೀಯಂತೆ. ಆರಿಸಿದವರ ಹೆಸರನ್ನು ಯಾರೂ ಅಚ್ಚು ಹಾಕುವುದಿಲ್ಲ. ಆದರೂ ನಿಮ್ಮ ಸಂಸ್ಥೆಯಿಂದ ಬಂದ ಚಿತ್ರಗಳಲ್ಲಿ ನೀನು ಆರಿಸಿದ್ದು ಯಾವುದೆಂದು ನನಗೆ ತಿಳಿಯುತ್ತದೆ. ಕಳೆದ ವರ್ಷದ ಪ್ರವಾಹದ ಚಿತ್ರದಲ್ಲಿ ಮೂಲೆಯಲ್ಲೊಂದು ಒಂಟಿ ಚಪ್ಪಲಿ ತೇಲುತ್ತಿತ್ತು. ಬೇರೆ ಯಾರಾದರೂ ಕತ್ತರಿಸಿ ಎಸೆಯುತ್ತಿದ್ದರು. ಅದನ್ನು ನೋಡಿ, ಓ, ಇವತ್ತು ಇವನು ಕೆಲಸಕ್ಕೆ ಬಂದಿದ್ದಾನೆ, ಮೈ ಚೆನ್ನಾಗಿದೆ ಎಂದುಕೊಂಡೆ. ಆರು ವರ್ಷದಿಂದ ನಿನ್ನ ಕ್ಷೇಮಸಮಾಚಾರ ನನಗೆ ಹೀಗೇ ಸಿಗುತ್ತಿದೆ.

ಆ ತರಗತಿಯಾದ ಮರುವಾರವೇ ನಮ್ಮಲ್ಲಿ ಹೊಸ ಕ್ಯಾಮೆರಾಗಳಿಗೆ ಪಟ್ಟಿ ಬಂತು. ಯಾರಿಗೆ ಯಾವುದು ಬೇಕೋ ಬರೆಯಿರಿ ಎಂದರು. ಎಲ್ಲರೂ ಕಣ್ಣುಮುಚ್ಚಿ ಕ್ಯಾನನ್ ಬರೆದರು, ಬೀರು ತುಂಬ ಅದೇ ಲೆನ್ಸು ಇರುವಾಗ. ನಾನು ನಿಕಾನ್ ಎಂದು ಬರೆದೆ. ಸ್ಟೋರಿನವರು ಕನ್ನಡಕ ಮೇಲೇರಿಸಿ, “ಮೇಡಂ, ಹುಷಾರಾಗಿದ್ದೀರಿ ತಾನೇ? ಇಪ್ಪತ್ತು ವರ್ಷದ ಕೈ ನಿಮ್ದು” ಎಂದರು. ಬದಲಾವಣೆ ಇರಲಿ ಎಂದು ಹಾರಿಸಿದೆ. ನಿಜವೆಂದರೆ, ಆ ದಿನ ನಿನ್ನ ಕೈಗೆ ಏನಾಯಿತೆಂದು ನನ್ನ ಕೈಗೆ ತಿಳಿಯಬೇಕಿತ್ತು.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ನ್ಯಾಯಾಲಯದ ಮೆಟ್ಟಿಲ ಮೇಲೆ, ಹತ್ತು ವರ್ಷ ಜೈಲಿನಲ್ಲಿದ್ದು ನಿರಪರಾಧಿಯೆಂದು ಬಿಡುಗಡೆಯಾದ ಹೆಂಗಸು ಹೊರಬಂದಳು. ಎದುರಿಗೆ ಅವಳ ಮಗಳು, ತಾಯಿಗಿಂತ ಎತ್ತರ ಬೆಳೆದಿದ್ದಾಳೆ. ತಾಯಿ ಮಗಳ ಮುಖ ನೋಡಲು ಕತ್ತೆತ್ತಿದಳು. ನಾನು ಜೂಮ್ ತಿರುಗಿಸಿದೆ. ವಕೀಲರ ಕಪ್ಪು ಕೋಟಿನ ಗುಂಡಿಯೊಂದು ಕಣ್ಣ ತುಂಬ ಬಂತು. ಸರಿಮಾಡಿಕೊಳ್ಳುವಷ್ಟರಲ್ಲಿ ತಾಯಿ ಮಗಳು ಕಾರು ಹತ್ತಿದ್ದರು.

ನನ್ನ ಕೈ ಹೋಗಿರಲಿಲ್ಲ. ನಿನ್ನ ಕೈಯೂ ಹೋಗಿರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಚಿತ್ರ ತಪ್ಪಿತೆಂದು ಅಳುತ್ತಿದ್ದೇನೆ ಎಂದುಕೊಂಡ ಪಕ್ಕದ ಪತ್ರಿಕೆಯವನು “ಬಿಡಿ ಅಕ್ಕಾ, ನಂದೇ ಒಂದು ಕೊಡ್ತೀನಿ” ಎಂದು ಸಮಾಧಾನ ಮಾಡಿದ. ನೀನಾದರೋ ಅವತ್ತು ಅಳಲಿಲ್ಲ. ಅಳುವುದಕ್ಕೂ ನಾನು ಬಿಡಲಿಲ್ಲವಲ್ಲ.

ಇದರ ಜೊತೆ ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯ ತುಣುಕೊಂದನ್ನು ಇಟ್ಟಿದ್ದೇನೆ. ಆ ಚಿತ್ರದ ಹಿಂದಿನ ಕಥೆ ಬರೆಯಿರಿ ಎಂದು ಹಿಂದೆ ಎಷ್ಟೋ ಸಲ ಕೇಳಿ ಸುಮ್ಮನಾಗಿದ್ದರು, ಈ ಸಲ ಬರೆದೆ. ನರ್ಸು, ಕಂಬಳಿ, ಸಣ್ಣ ಬಾಗಿಲು, ಯಾರು ಕಂಡರು, ಯಾರು ಕರೆದರು, ಜೀಪಿನಲ್ಲಿ ನಾನು ಏನೆಂದೆ, ವೇದಿಕೆಯ ಮೇಲೆ ಏನನ್ನು ಮುಚ್ಚಿಟ್ಟೆ, ಎಲ್ಲವೂ ಇದೆ. ‘ನನ್ನ ಗಂಡ’ ಎಂದು ಬರೆದದ್ದನ್ನು ಓದಿ ಸಂಪಾದಕರು, ಅದು ಈಗಲೂ ನಿಜವೇ ಎಂದು ಮೆಲ್ಲಗೆ ಕೇಳಿದರು. ನನ್ನ ಕಡೆಯಿಂದ ನಿಜ ಎಂದೆ. ನಿನ್ನ ಕಡೆಯದು ನೀನೇ ಹೇಳಬೇಕು.

ಕ್ಷಮಿಸು ಎಂದು ಬರೆಯಲು ಇಷ್ಟು ಪುಟ ಸುತ್ತಿದೆ. ಕ್ಷಮಿಸು. ನಿನ್ನ ಗೊಣಗಾಟ ಬೇಕು, ಬೂಟು ಬಿಚ್ಚುವಾಗಿನ ನಿನ್ನ ನಿಟ್ಟುಸಿರು ಬೇಕು, ಒಂದೇ ಹಾಡಿನ ಎರಡೇ ಸಾಲನ್ನು ತಪ್ಪುತಪ್ಪಾಗಿ ಗುನುಗುವ ನೀನು ಬೇಕು. ಮನೆಯಲ್ಲಿ ಮಾತಾಡದೆ ಮಾತಾಡದೆ ನನ್ನ ದನಿ ನನಗೇ ಅಪರಿಚಿತವಾಗುತ್ತಿದೆ.

ನಿನ್ನ,
ಏಣಿ

ಇನ್ನೊಂದು ಮಾತು: ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ಇನ್ನೊಮ್ಮೆ ನೋಡು. ನಿನ್ನೂರಿನದೇ. ಇಲ್ಲಿನ ನಮ್ಮ ಕಚೇರಿಗೆ ವರ್ಗ ಕೇಳಿ ಬಂದು ಹನ್ನೊಂದು ದಿನವಾಯಿತು. ನಿಮ್ಮ ಆಫೀಸಿನ ಎದುರು ಕನ್ನಡಕದ ಅಂಗಡಿ ಇದೆಯಲ್ಲ, ಅದರ ಮೇಲಿನ ಮಹಡಿಯಲ್ಲಿ ನನ್ನ ಕೋಣೆ. ಬೆಳಿಗ್ಗೆ ಎಂಟೂವರೆಗೆ ನೀನು ಬಸ್ಸಿಳಿದು, ರಸ್ತೆ ದಾಟುವ ಮುಂಚೆ ಎರಡೂ ಕಡೆ ಎರಡೆರಡು ಸಲ ನೋಡುತ್ತೀಯ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನ ಉದ್ದ ಲೆನ್ಸಿಗೆ ರೆಪ್ಪೆ ಎಣಿಸುವಷ್ಟು ಹತ್ತಿರ. ಒಂದು ದಿನವೂ ಕ್ಯಾಮೆರಾ ಎತ್ತಲಿಲ್ಲ. ಕದ್ದು ನೋಡುವುದೂ ತಪ್ಪೆನಿಸಿತು, ಅದಕ್ಕೇ ಈ ಕಾಗದ. ಮಂಗಳವಾರ ರಸ್ತೆ ದಾಟುವ ಮುಂಚೆ ಒಂದು ಸಲ ಮೇಲೆ ನೋಡು, ಇಳಿದು ಬರುತ್ತೇನೆ. ನೋಡದೆ ಹೋದರೆ ಪರದೆ ಎಳೆದುಕೊಳ್ಳುತ್ತೇನೆ, ಮತ್ತೆ ಬರೆಯುವುದಿಲ್ಲ.